ಒಂದು ಮನೆ, ಎರಡು ಒಲೆ

ಪಾಲು ಎಂಬ ಮಾತು ನಮ್ಮ ಕಿವಿಗೆ ಹಿತವಾದುದಲ್ಲ. ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದರೆಂದರೆ ಪ್ರೀತಿ ಹೋಯಿತೆಂದೇ ನಾವು ತಿಳಿಯುತ್ತೇವೆ. ಆದರೆ ಪಾಲು ಮಾಡಿಕೊಳ್ಳದೆ ಒಂದೇ ಸೂರಿನಡಿ ಬಾಳಲಾಗದವರೂ ಉಂಟು. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಆಪರೇಟಿಂಗ್ ಸಿಸ್ಟಂಗಳನ್ನು ಇರಿಸಿದಾಗ ಇದು ನನಗೆ ಮನದಟ್ಟಾಯಿತು.

ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ನನ್ನದು ಹಳೆಯ ಯಂತ್ರ. ವರ್ಷಗಟ್ಟಲೆ ‘ನುಡಿ’ ತಂತ್ರಾಂಶದಲ್ಲಿ ಬರೆದಿಟ್ಟುದನ್ನು ಬಿಡಲು ಮನಸ್ಸಿಲ್ಲ; ಹೊಸದನ್ನು ಬೇಡವೆನ್ನುವಂತೆಯೂ ಇಲ್ಲ. ಹಾಗಾಗಿ ಎರಡನ್ನೂ ಇಟ್ಟುಕೊಂಡೆ. ಮಿತ್ರರೊಬ್ಬರು ನಕ್ಕು, “ಎರಡು ದೋಣಿಯಲ್ಲಿ ಕಾಲಿಟ್ಟಿರಿ ಅನ್ನಿ” ಎಂದರು. ಅವರು ಆಡಿದ್ದು ಯಂತ್ರದ ಮಾತು, ತಾಗಿದ್ದು ಬೇರೆಡೆಗೆ. ಕಚೇರಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು. ಪ್ರಯೋಗಶಾಲೆಯಲ್ಲಿ ಒಂದು ನಂಬಿಕೆ, ದೇವರ ಕೋಣೆಯಲ್ಲಿ ಇನ್ನೊಂದು—ನಮ್ಮಲ್ಲಿ ಬಹುಮಂದಿ ಬಾಳುವುದು ಹೀಗೆಯೇ. ನಾವೆಲ್ಲ ಕಪಟಿಗಳೇ?

ಡಿಸ್ಕಿನಲ್ಲಿ ಪಾಲಾಗುವ ರೀತಿಯನ್ನು ನೋಡಿ. ಇದ್ದುದೆಲ್ಲದರ ಪ್ರತಿಯನ್ನು ಮೊದಲು ಬೇರೆಡೆ ತೆಗೆದಿಟ್ಟು, ವಿಂಡೋಸಿನ ಪಾಲನ್ನು ಕುಗ್ಗಿಸಿ, ತೆರವಾದ ಜಾಗವನ್ನು ಲಿನಕ್ಸಿಗೆ ಕೊಡಬೇಕು. ನಡುವೆ ಗೋಡೆಯೇನೂ ಏಳುವುದಿಲ್ಲ. ಇಂಥ ಪಾಲು ಇಲ್ಲಿಂದ ಇಲ್ಲಿಯವರೆಗೆ ಎಂದು ಡಿಸ್ಕಿನ ಮೊದಲಲ್ಲಿ ಒಂದು ಪಟ್ಟಿ ಇರುತ್ತದೆ, ಅಷ್ಟೆ. ಹಳೆಯ ಪದ್ಧತಿಯಲ್ಲಿ ಆ ಪಟ್ಟಿಗೆ ಸಿಕ್ಕುತ್ತಿದ್ದ ಜಾಗ ಕೇವಲ 64 ಬೈಟು. ಅಷ್ಟು ಚಿಕ್ಕ ಬರಹವನ್ನು ಇಬ್ಬರೂ ಮನ್ನಿಸುವುದರಿಂದಲೇ ಗಡಿ ನಿಂತಿದೆ. ಮನ್ನಣೆಯಿಲ್ಲದ ಕಡೆ ಕಲ್ಲುಗೋಡೆಯೂ ನಿಲ್ಲದು.

ಗಡಿ ಎಳೆದರಷ್ಟೇ ಸಾಲದು, ಬಿಟ್ಟುಹೋಗುವ ಬಗೆಯನ್ನೂ ಕಲಿಯಬೇಕು. ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡುಂಟು. ಮರುದಿನ ಬೇಗ ಏಳಲೆಂದು ಅದು ಯಂತ್ರವನ್ನು ಪೂರ್ತಿ ಮುಚ್ಚದೆ, ತನ್ನ ಸ್ಥಿತಿಯ ಒಂದಂಶವನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ದೆಗೆ ಹೋಗುತ್ತದೆ. ಆಗ ಲಿನಕ್ಸ್ ಒಳಬಂದು ಅಲ್ಲಿನ ಕಡತಗಳನ್ನು ತಿದ್ದಿದರೆ ಅವು ಕೆಡಬಹುದು. ಗಾದೆ ಹೆದರುವುದೂ ಇದಕ್ಕೇ. ಎರಡು ದೋಣಿಗಳಿರುವುದು ತಪ್ಪಲ್ಲ, ಒಂದರಿಂದ ಕಾಲೆತ್ತದೆ ಇನ್ನೊಂದರಲ್ಲಿ ಕಾಲಿಡುವುದು ತಪ್ಪು. ಕಚೇರಿಯ ಸಿಟ್ಟನ್ನು ಅರೆನಿದ್ದೆಯಲ್ಲಿಟ್ಟುಕೊಂಡು ಮನೆಗೆ ಬಂದವನ ಹೆಂಡತಿ ಮಕ್ಕಳು ಇದನ್ನು ಬಲ್ಲರು.

ಪಾಲಾಗದ ವಸ್ತುಗಳೂ ಇವೆ. ಯಂತ್ರದೊಳಗಿನ ಗಡಿಯಾರ ಒಂದೇ. ಅದು ತೋರುವುದು ಸ್ಥಳೀಯ ಕಾಲವೆಂದು ವಿಂಡೋಸ್ ತಿಳಿಯುತ್ತದೆ. ಸಾಮಾನ್ಯವಾಗಿ ಲಿನಕ್ಸ್ ಅದನ್ನು ಜಾಗತಿಕ ಕಾಲವೆಂದು ಓದುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ನಮ್ಮ ದೇಶದಲ್ಲಿ ಐದೂವರೆ ಗಂಟೆ ವ್ಯತ್ಯಾಸ ಕಾಣುವುದುಂಟು. ಯಾರೂ ಸುಳ್ಳಾಡಿಲ್ಲ, ಒಪ್ಪಂದವಾಗಿಲ್ಲ ಅಷ್ಟೆ. ಒಬ್ಬರು ತಮ್ಮ ಎಣಿಕೆಯನ್ನು ತಿದ್ದಿಕೊಂಡರೆ ಜಗಳ ತೀರಿತು.

ಇನ್ನು ಲೆಕ್ಕ ಮಾಡುವ ಪ್ರೊಸೆಸರು. ಡಿಸ್ಕಿನ ಪಟ್ಟಿ ಅದನ್ನು ಪಾಲು ಮಾಡದು. ಯಾರು ಒಡೆಯರಾಗಿ ಬಂದರೂ ಎರಡಕ್ಕೆ ಎರಡು ಕೂಡಿದರೆ ಅದು ನಾಲ್ಕೆಂದೇ ಹೇಳುತ್ತದೆ. ಮನುಷ್ಯನಲ್ಲಿ ಆ ಸ್ಥಾನ ಅಂತಃಸಾಕ್ಷಿಯದೆಂದು ನನಗೆ ತೋರುತ್ತದೆ. ಭಾಷೆಯನ್ನು, ಉಡುಪನ್ನು, ಆಚಾರವನ್ನು, ನಂಬಿಕೆಯ ನುಡಿಗಟ್ಟನ್ನು ಕೂಡ ನಾವು ಪಾಲು ಮಾಡಿಕೊಳ್ಳಬಹುದು. ಅದು ಕಪಟವಲ್ಲ, ಬಾಳುವ ಜಾಣತನ. ಆದರೆ ಹಗಲು ಕಚೇರಿಯಲ್ಲಿ ಲಂಚ ಹಿಡಿದು ಸಂಜೆ ಮಕ್ಕಳಿಗೆ ಸತ್ಯವನ್ನು ಬೋಧಿಸುವವನು, “ಅಲ್ಲಿಯ ರೀತಿ ಬೇರೆ, ಇಲ್ಲಿಯ ರೀತಿ ಬೇರೆ” ಎಂದರೆ ಒಪ್ಪಲಾಗದು. ಅವನು ಒಲೆಗಳನ್ನು ಎರಡು ಮಾಡಲಿಲ್ಲ, ಮನೆಯ ಅಡಿಗಲ್ಲನ್ನೇ ಸೀಳಿದ.

ಎರಡು ಒಲೆ ಹೂಡಿದವನನ್ನು ಹಳಿಯುವ ಮೊದಲು ನಾವು ಕೇಳಬೇಕಾದುದು ಇಷ್ಟೇ: ಎರಡರ ಮುಂದೆಯೂ ಕೂರುವ ಮನುಷ್ಯ ಒಬ್ಬನೇ ತಾನೆ?