ಉಪವಾಸದ ದಿನದ ಕೋಪ

ಅಷ್ಟಮಿ ಚತುರ್ದಶಿಗಳಂದು ಉಪವಾಸವಿರುವ ಶ್ರಾವಕನು ಆ ದಿನ ಮನೆಯವರ ಮೇಲೆ ಸಿಡಿಮಿಡಿಗೊಂಡರೆ ಅವನ ವ್ರತವು ಉಳಿಯಿತೆ, ಮುರಿಯಿತೆ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಪಂಡಿತರಲ್ಲ. ಕೆಲವು ವರ್ಷಗಳ ಹಿಂದೆ ಬೆಳಗಾವಿಯ ನಮ್ಮ ಮನೆಯಲ್ಲಿ ಮೊಮ್ಮಗನು ತನ್ನ ತಾಯಿಯನ್ನು ಮೆಲ್ಲನೆ ಕೇಳಿದ: "ಅವ್ವಾ, ಅಜ್ಜಾರ ಉಪಾಸ ಯಾವಾಗ ಮುಗೀತೈತಿ?" ನಾನು ಒಳಗೆ ಜಪಕ್ಕೆ ಕುಳಿತಿದ್ದೆ. ಮಗುವಿನ ದನಿಯಲ್ಲಿದ್ದುದು ಅಜ್ಜನು ಹಸಿದಿರುವನೆಂಬ ಮರುಕವಲ್ಲ, ಭಯ. ಅಂದು ಬೆಳಿಗ್ಗೆ ನೀರು ಸೋಸುವ ಬಟ್ಟೆಯನ್ನು ಒಗೆದಿಲ್ಲವೆಂದು ಸೊಸೆಯ ಮೇಲೆ ಹರಿಹಾಯ್ದಿದ್ದೆ. ನೀರಿನಲ್ಲಿಯ ಸೂಕ್ಷ್ಮಜೀವಿಗಾಗಿ ಮಿಡಿದ ಮನಸ್ಸು ಎದುರಿಗೆ ನಿಂತ ಸಂಜ್ಞಿ ಪಂಚೇಂದ್ರಿಯ ಜೀವವನ್ನು ಕಾಣದೆ ಹೋಗಿತ್ತು.

ಇಂದ್ರಿಯಗಳು ತಮ್ಮ ವಿಷಯಗಳತ್ತ ಹರಿಯುವುದನ್ನು ಬಿಟ್ಟು ಒಳಗೆ ಬಂದು ನೆಲೆಸುವುದೇ ಉಪವಾಸವೆಂಬ ಅರ್ಥವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹೇಳಿದ್ದಾರೆ. ಚತುರ್ವಿಧ ಆಹಾರತ್ಯಾಗವು ಅದರ ರೂಪ. ನಾಲಿಗೆಗಾದರೋ ರುಚಿಯೊಂದೇ ಕೆಲಸವಲ್ಲ, ಮಾತೂ ಅದರದೇ. ಒಂದು ಕೆಲಸಕ್ಕೆ ಬೀಗ ಹಾಕಿ ಇನ್ನೊಂದನ್ನು ಬಿಚ್ಚಿಬಿಟ್ಟರೆ ಇಂದ್ರಿಯವು ಮನೆಗೆ ಬಂದಂತಾಗಲಿಲ್ಲ.

ತತ್ತ್ವಾರ್ಥಸೂತ್ರವು ಪ್ರೋಷಧೋಪವಾಸಕ್ಕೆ ಐದು ಅತಿಚಾರಗಳನ್ನು ಎಣಿಸಿದೆ. ನೋಡದೆ, ಗುಡಿಸದೆ ಮಲಮೂತ್ರ ವಿಸರ್ಜಿಸುವುದು, ವಸ್ತುಗಳನ್ನು ಎತ್ತಿಕೊಳ್ಳುವುದು, ಹಾಸಿಗೆ ಹಾಸುವುದು ಎಂಬ ಮೂರನ್ನು ನಮ್ಮ ಹಿರಿಯರು ಬಲು ಎಚ್ಚರದಿಂದ ಕಾಯುತ್ತಾರೆ. ಉಳಿದೆರಡು, ಅನಾದರ ಮತ್ತು ಸ್ಮೃತ್ಯನುಪಸ್ಥಾನ. ಹಸಿವೆಯ ಪೀಡೆಯಿಂದ ಆವಶ್ಯಕ ಕ್ರಿಯೆಗಳಲ್ಲಿ ಉತ್ಸಾಹ ಕುಂದುವುದೇ ಅನಾದರ. ಮಾಡಬೇಕಾದುದರ ನೆನಪು ತಪ್ಪುವುದು ಸ್ಮೃತ್ಯನುಪಸ್ಥಾನ. ಆವಶ್ಯಕಗಳಲ್ಲಿ ಮೊದಲನೆಯದು ಸಾಮಾಯಿಕ, ಅದರ ಜೀವಾಳ ಸಮಭಾವ. ಹೀಗಿರುವಾಗ ಸಿಡುಕಿನ ಉಪವಾಸವು ಅತಿಚಾರಕ್ಕೆ ಹೊರತೆಂದು ಹೇಗೆ ಹೇಳೋಣ?

ಜೀವದಯಾಷ್ಟಮಿಯ ನೋಂಪಿಯಂದು ನಾವು ಕೇಳುವ ಯಶೋಧರನ ಕಥೆ ಇಲ್ಲಿ ನೆನಪಾಗುತ್ತದೆ. ಬೆಳಗಾವಿಯ ಕೋಟೆಯಲ್ಲಿ ರಟ್ಟರ ಮಂತ್ರಿ ಬೀಚಿರಾಜನು ಕಮಲ ಬಸದಿಯನ್ನು ಕಟ್ಟಿಸಿದ್ದು 1204ರಲ್ಲಿ; ಐದು ವರ್ಷಗಳ ಬಳಿಕ, 1209ರಲ್ಲಿ, ಜನ್ನನು ಅದೇ ಕಥೆಯನ್ನು ಕನ್ನಡದಲ್ಲಿ ಬರೆದ. ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಜೀವವೊಂದೂ ಸಾಯಲಿಲ್ಲ, ಆದರೂ ಸಂಕಲ್ಪಹಿಂಸೆಯು ತಾಯಿ ಮಗನನ್ನು ನಾಯಿ ನವಿಲುಗಳ ಜನ್ಮಕ್ಕೆ ಎಳೆಯಿತು. ಕೊಲ್ಲದೆಯೂ ಕೊಂದ ಫಲ ಬರುವುದಾದರೆ, ಉಣ್ಣದೆಯೂ ಉಪವಾಸದ ಫಲ ಬಾರದಿರುವುದು ಆಶ್ಚರ್ಯವಲ್ಲ.

ಆದರೆ ಈ ವಾದವನ್ನು ತಿರುಗಿಸಿ ಹಿಡಿಯುವ ಜಾಣರೂ ಇದ್ದಾರೆ. ಭಾವವೇ ಮುಖ್ಯವಾದರೆ ಉಣ್ಣುತ್ತಲೇ ಶಾಂತನಾಗಿರುತ್ತೇನೆ, ಉಪವಾಸವೇಕೆ ಎನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಹೊಟ್ಟೆ ತುಂಬಿದವನ ಶಾಂತಿಯನ್ನು ಪರೀಕ್ಷಿಸಿದವರು ಯಾರು? ನನ್ನ ಕೋಪವು ಎಷ್ಟು ಮೇಲುಮೇಲೆಯೇ ಇದೆಯೆಂದು ನನಗೆ ತೋರಿಸಿಕೊಟ್ಟುದೇ ಆ ಹಸಿವು. ಸೂತ್ರಕಾರರು ಆರು ಬಾಹ್ಯ ತಪಗಳನ್ನು ಹೇಳಿದ ಮೇಲೆಯೇ ವಿನಯ, ವೈಯಾವೃತ್ತ್ಯ ಮೊದಲಾದ ಆರು ಅಂತರಂಗ ತಪಗಳಿಗೆ ಬರುತ್ತಾರೆ. ಅವರೇ ತಪಕ್ಕೆ "ಶಕ್ತಿಗನುಸಾರವಾಗಿ" ಎಂಬ ಮಿತಿಯನ್ನೂ ಇಟ್ಟಿದ್ದಾರೆ. ಮಧುಮೇಹದವರು, ಬಾಣಂತಿಯರು ಪರ್ವದ ದಿನ ತಪ್ಪಿತಸ್ಥರಂತೆ ಮೂಲೆಯಲ್ಲಿ ಕುಳಿತು ಉಣ್ಣಬೇಕಾದ ಸ್ಥಿತಿ ಕೆಲವು ಮನೆಗಳಲ್ಲಿದೆ. ಅವರಿಗೆ ಅವಮೌದರ್ಯವಿದೆ, ರಸಪರಿತ್ಯಾಗವಿದೆ, ಅವೂ ತಪಗಳೇ.

ಖಾನಾಪುರ ತಾಲೂಕಿನ ಹಲಸಿಯಲ್ಲಿ, ಅಂದರೆ ಕದಂಬರ ಪಲಾಶಿಕೆಯಲ್ಲಿ, ದೊರೆತ ರವಿವರ್ಮನ ತಾಮ್ರಶಾಸನವು ಈ ಮಾತಿಗೆ ಇನ್ನೊಂದು ಮುಖವನ್ನು ಕೊಡುತ್ತದೆ. ಒಂದು ಊರಿನ ಉತ್ಪನ್ನದಿಂದ ಪ್ರತಿವರ್ಷ ಕಾರ್ತಿಕದಲ್ಲಿ ಎಂಟು ದಿನ ಜಿನೇಂದ್ರನ ಮಹಿಮೆ ನಡೆಯಬೇಕೆಂದೂ ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಆಹಾರ ಸಲ್ಲಬೇಕೆಂದೂ ಅದರಲ್ಲಿ ಒಟ್ಟಿಗೇ ವಿಧಿಸಿದೆ. (ಚಾತುರ್ಮಾಸದಲ್ಲಿ ಮುನಿಗಳು ಏಕೆ ವಿಹರಿಸುವುದಿಲ್ಲವೆಂಬುದನ್ನು ಖಾನಾಪುರದ ಆಷಾಢದ ಮಳೆಯನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನ ಆ ಶಾಸನದಲ್ಲಿ ಪರ್ವ ಬೇರೆ, ಇನ್ನೊಬ್ಬರ ಹಸಿವಿನ ಚಿಂತೆ ಬೇರೆ ಆಗಿರಲಿಲ್ಲ.

ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದ ಆರಂಭವಾಗುತ್ತದೆ. ಪರ್ವ ಮುಗಿದ ಮೇಲೆ ಕ್ಷಮಾವಣಿಯಂದು ಬಸದಿಯಲ್ಲಿ ಕಂಡಕಂಡವರಿಗೆಲ್ಲ ಕೈಮುಗಿದು ಕ್ಷಮೆ ಬೇಡುತ್ತೇವೆ. ದೂರದ ನೆಂಟರಿಗೂ ಹೇಳಿಕಳಿಸುತ್ತೇವೆ. ಅಡಿಗೆಮನೆಯಲ್ಲಿ ನಮ್ಮ ಪಾರಣೆಗೆಂದು ಬೆಳಗಿನಿಂದ ನಿಂತವಳು ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

ಆ ವರ್ಷದ ಕ್ಷಮಾವಣಿಯಂದು ನಾನು ಬಸದಿಗೆ ಹೊರಡುವ ಮೊದಲು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ತಂಗಿ, ಅವತ್ತ ನಂದ ತಪ್ಪಾತು" ಎಂದೆ. ಅವಳು ತಬ್ಬಿಬ್ಬಾಗಿ ಸೆರಗು ಸರಿಪಡಿಸಿಕೊಂಡು, "ಇರಲಿ ಬಿಡ್ರಿ ಮಾವಾರ, ನೀರ ಕಾದಾವ, ಜಳಕಾ ಮಾಡ್ರಿ" ಎಂದಳು. ಮೊಮ್ಮಗನು ಹಿಂದೆಯೇ ನಿಂತು ಕೇಳುತ್ತಿದ್ದ.