ಸಾಂಟಾ ಅಪ್ಪ, ಹೋಮ್‌ವರ್ಕ್ ಅಮ್ಮ

ಕುವೈತ್‌ನಲ್ಲಿ ಡಿಸೆಂಬರ್ 25 ಸರ್ಕಾರಿ ರಜೆ ಅಲ್ಲ. ಆದರೂ ಆ ವಾರ ಸಾಲ್ಮಿಯಾ, ಅಬ್ಬಾಸಿಯಾದ ಮಂಗಳೂರಿಗರ ಫ್ಲ್ಯಾಟುಗಳಲ್ಲಿ ಕುಸ್ವಾರ್ ಡಬ್ಬಿ ತೆರೆಯುತ್ತದೆ, ಟೀವಿಯಲ್ಲಿ ಒಂದಾದರೂ ಕ್ರಿಸ್ಮಸ್ ಸಿನಿಮಾ ಓಡುತ್ತದೆ. 1994ರ ‘ದಿ ಸಾಂಟಾ ಕ್ಲಾಸ್’ ನೀವೂ ನೋಡಿರಬಹುದು. ನಗಿಸುವ ಸಿನಿಮಾ, ನಿಜ. ಆದರೆ ಅದು ಡಿವೋರ್ಸ್ ಆದ ಅಪ್ಪ ಅಮ್ಮನ ಕತೆ ಕೂಡ. ಅದರಲ್ಲಿ ತಪ್ಪು ಯಾರದು ಅಂತ ಕೇಳಿದರೆ ನೀವೇನು ಹೇಳ್ತೀರಿ?

ಕತೆ ಒಮ್ಮೆ ನೆನಪು ಮಾಡಿಕೊಳ್ಳೋಣ. ಸ್ಕಾಟ್ ಆಟಿಕೆ ಕಂಪನಿಯಲ್ಲಿ ಕೆಲಸ ಮಾಡುವವನು. ಕ್ರಿಸ್ಮಸ್ ಹಿಂದಿನ ರಾತ್ರಿ ಮಗ ಚಾರ್ಲಿ ಅವನ ಮನೆಗೆ ಬಂದರೆ, ಇವನೇ ತಡವಾಗಿ ಬರುತ್ತಾನೆ. ಟರ್ಕಿ ಕೋಳಿಯನ್ನು ಸುಟ್ಟು ಕರಕಲು ಮಾಡುತ್ತಾನೆ. ತಾಯಿ ಲಾರಾ ಈಗ ನೀಲ್ ಎಂಬ ಮನೋವೈದ್ಯನ ಹೆಂಡತಿ. ಸಾಂಟಾ ಎಲ್ಲ ಕಟ್ಟುಕತೆ ಅನ್ನುವವರು ಇಬ್ಬರೂ. ಮುಂದೆ ಸ್ಕಾಟ್ ನಿಜವಾಗಿಯೂ ಸಾಂಟಾ ಆಗಿಬಿಡುತ್ತಾನೆ. ಲಾರಾ, ನೀಲ್ ಕೋರ್ಟಿಗೆ ಹೋಗಿ, ಅವನು ಮಗನನ್ನು ಭೇಟಿ ಮಾಡದಂತೆ ಆದೇಶ ತರುತ್ತಾರೆ. ಕೊನೆಗೆ ಎಲ್ಲ ಕಣ್ಣಾರೆ ಕಂಡ ಮೇಲೆ ಲಾರಾ ಕೋರ್ಟಿನ ಕಾಗದಗಳನ್ನು ಬೆಂಕಿಗೆ ಹಾಕುತ್ತಾಳೆ.

ನಾವು ಚಪ್ಪಾಳೆ ಹೊಡೆಯುವುದು ಸ್ಕಾಟ್‌ಗೆ. ಯಾಕೆಂದರೆ ಹಿಮಸಾರಂಗಗಳ ಬಂಡಿಯನ್ನು ನಾವು ನೋಡಿದ್ದೇವೆ. ಲಾರಾ ನೋಡಿಲ್ಲ. ಅವಳ ಜಾಗದಲ್ಲಿ ನಿಂತು ನೋಡಿ. ಮಾಜಿ ಗಂಡ ಇದ್ದಕ್ಕಿದ್ದಂತೆ ದಪ್ಪಗಾಗಿದ್ದಾನೆ, ಬಿಳಿ ಗಡ್ಡ ಬಂದಿದೆ, ಮಗ ಶಾಲೆಯಲ್ಲಿ “ನಮ್ಮಪ್ಪನೇ ಸಾಂಟಾ” ಅಂತಾನೆ. ಯಾವ ತಾಯಿ ಹೆದರುವುದಿಲ್ಲ? ಅವಳಿಗೆ ಆ ದಿನ ಗೊತ್ತಿದ್ದಷ್ಟರಲ್ಲಿ ಅವಳ ಹೆದರಿಕೆ ಸರಿಯೇ. ಪ್ರೇಕ್ಷಕನಿಗೆ ಗೊತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ ಅಂತ ಅವಳನ್ನು ತಪ್ಪಿತಸ್ಥೆ ಮಾಡುವುದು ನ್ಯಾಯವಲ್ಲ.

ಇನ್ನೊಂದು ವಿಷಯ. ಸಿನಿಮಾ ಹಬ್ಬದ ದಿನವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಉಳಿದ ದಿನಗಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಈ ಲೆಕ್ಕ ಗಲ್ಫ್ ಮನೆಗಳಿಗೆ ಚೆನ್ನಾಗಿ ಗೊತ್ತು. 2024ರಲ್ಲಿ ಕುವೈತ್ ಫ್ಯಾಮಿಲಿ ವೀಸಾ ಮತ್ತೆ ಶುರು ಮಾಡಿದಾಗ ಕನಿಷ್ಠ 800 ದಿನಾರ್ ಸಂಬಳ ಬೇಕು ಅಂತ ನಿಯಮ ಇಟ್ಟಿತು. ಅಷ್ಟು ಸಂಬಳ ಇಲ್ಲದವರ ಸಂಸಾರ ಊರಲ್ಲೇ ಉಳಿಯುತ್ತದೆ. ಅಪ್ಪ ರಜೆಗೆ ಸೂಟ್‌ಕೇಸ್ ತುಂಬ ಚಾಕೊಲೇಟ್, ಆಟಿಕೆ ತುಂಬಿಕೊಂಡು ಬರುತ್ತಾನೆ. ಉಡುಪಿಯಲ್ಲಿ ರಾತ್ರಿ ಎಂಟಕ್ಕೆ ಹೋಮ್‌ವರ್ಕ್ ಮಾಡಿಸಿ ಬೈಸಿಕೊಳ್ಳುವವಳು ಅಮ್ಮ. ಆಗ ಇಲ್ಲಿ ಸಂಜೆ ಐದೂವರೆ, ಅಪ್ಪ ಇನ್ನೂ ಡ್ಯೂಟಿಯಲ್ಲಿ. ಅಮ್ಮನೇ ಇಲ್ಲಿ ನರ್ಸ್ ಆಗಿದ್ದು, ಮಗು ಅಜ್ಜಿಯ ಹತ್ತಿರ ಬೆಳೆಯುವ ಮನೆಗಳೂ ಇವೆ. ಮಗುವಿನ ಕಣ್ಣಿಗೆ ಸೂಟ್‌ಕೇಸ್ ತಂದವರು ಸಾಂಟಾ, ದಿನಾ ಜೊತೆಗಿದ್ದವರು ಬೈಯುವವರು.

ಸ್ಕಾಟ್ ಮತ್ತು ಈ ಅಪ್ಪ ಒಂದೇ ಅಲ್ಲ, ಒಪ್ಪೋಣ. ಒಬ್ಬ ತನ್ನ ಉದಾಸೀನದಿಂದ ದೂರವಾದ, ಇನ್ನೊಬ್ಬ ಮನೆ ನಡೆಸಲಿಕ್ಕೆ ದೂರ ಹೋದ. ಕಾರಣ ಬೇರೆಯಾದರೆ ತಪ್ಪಿನ ತೂಕವೂ ಬೇರೆ. ಆದರೆ ಮಗುವಿಗೆ ಆದ ಕೊರತೆ ಕಾರಣ ನೋಡಿ ಕಡಿಮೆಯಾಗುವುದಿಲ್ಲ.

ಡಿವೋರ್ಸ್ ಅಂದಕೂಡಲೇ ನಮ್ಮಲ್ಲಿ ಎರಡು ಸುಲಭದ ತೀರ್ಪು ರೆಡಿ ಇರುತ್ತವೆ. ಒಂದು, “ಎಲ್ಲಾ ಅವಳದ್ದೇ ತಪ್ಪು” ಅಥವಾ “ಅವನದ್ದೇ ತಪ್ಪು”. ಇನ್ನೊಂದು, “ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲ”. ಎರಡನೆಯದು ನ್ಯಾಯದ ಮಾತಿನ ಹಾಗೆ ಕೇಳುತ್ತದೆ. ಆದರೆ ಅದು ಏನನ್ನೂ ವಿಚಾರಿಸದೆ ತಪ್ಪನ್ನು ಅರ್ಧ ಅರ್ಧ ಹಂಚಿಬಿಡುತ್ತದೆ. ಕೆಟ್ಟ ಗಂಡ ಒಳ್ಳೆಯ ಅಪ್ಪ ಆಗಿರಬಹುದು. ಒಳ್ಳೆಯ ತಾಯಿ ಒಂದು ವಿಷಯದಲ್ಲಿ ತಪ್ಪು ನಿರ್ಧಾರ ಮಾಡಿರಬಹುದು. ಇವನ್ನೆಲ್ಲ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕ ಸಿಗೋದಿಲ್ಲ.

ಭಾರತದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇಲ್ಲಿ ನೆನಪಿಗೆ ಬರುತ್ತದೆ. ಮಗು ಯಾರ ಪೋಷಣೆಯಲ್ಲಿರಬೇಕು ಅನ್ನುವಾಗ ಕೋರ್ಟು ಮಗುವಿನ ಹಿತ ನೋಡಬೇಕು ಎನ್ನುತ್ತದೆ ಅದು. ತಿಳುವಳಿಕೆ ಬರುವ ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನೂ ಗಣನೆಗೆ ತೆಗೆದುಕೊಳ್ಳಬಹುದು. ಈ ಕಣ್ಣಿನಿಂದ ನೋಡಿದರೆ ಸಿನಿಮಾದ ದೊಡ್ಡವರ ನಿಜವಾದ ತಪ್ಪು ಕಾಣುತ್ತದೆ. ಲಾರಾ, ನೀಲ್ ಹೆದರಿದ್ದು ತಪ್ಪಲ್ಲ. ಅಪ್ಪನ ಜೊತೆ ಇರಬೇಕು ಅನ್ನುವ ಚಾರ್ಲಿಯ ಮಾತನ್ನು ಬರೀ ಭ್ರಮೆ ಅಂತ ತಳ್ಳಿಹಾಕಿದ್ದು ತಪ್ಪು. ಸ್ಕಾಟ್ ಅಡುಗೆ ಸುಟ್ಟದ್ದು ತಪ್ಪಲ್ಲ. ಮ್ಯಾಜಿಕ್ ಬರುವ ತನಕ ಮಗನಿಗೆ ಸಮಯ ಕೊಡದೆ ಇದ್ದದ್ದು ತಪ್ಪು.

ನಿಮ್ಮಲ್ಲಿ ಕೆಲವರು ಚಾರ್ಲಿಯೇ ಆಗಿ ಬೆಳೆದಿರಬಹುದು. ಅಪ್ಪ ಅಮ್ಮನ ಬಗ್ಗೆ ತೀರ್ಪು ಕೊಡಬಾರದು ಅಂತ ಹಿರಿಯರು ಹೇಳಿರುತ್ತಾರೆ. ಕೊಡಿ, ಅದು ನಿಮ್ಮ ಹಕ್ಕು. ಕೊಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಆ ದಿನ ಅವರಿಗೆ ಏನು ಗೊತ್ತಿತ್ತು? ಹಬ್ಬವಲ್ಲದ ದಿನಗಳಲ್ಲಿ ನಿಮ್ಮ ಪಕ್ಕ ಯಾರು ಕೂತಿದ್ದರು?