ಪಥ್ಯವೂ ನಿಷ್ಠೆಯೂ

ನಿಯಮವನ್ನು ಹಿಡಿಯುವುದು ಸುಲಭ. ಹಿಡಿದ ನಿಯಮವನ್ನು ಬಿಡದೆ ನಡೆಸುವುದು ಕಷ್ಟ. ಇದು ಎಲ್ಲರೂ ಬಲ್ಲ ಮಾತು. ಯುಗಾದಿಯ ದಿನವೋ, ಶಿವರಾತ್ರಿಯ ಮರುದಿನವೋ, ವೈದ್ಯರ ಬಳಿಯಿಂದ ಹಿಂದಿರುಗಿದ ಸಂಜೆಯೋ ನಾವು ಸಂಕಲ್ಪ ಮಾಡುತ್ತೇವೆ: ನಾಳೆಯಿಂದ ಸೂರ್ಯೋದಯಕ್ಕೆ ಮುನ್ನ ಎದ್ದು ನಡೆಯುವೆನು, ಸಿಹಿಯನ್ನು ಮುಟ್ಟೆನು, ರಾತ್ರಿಯ ಊಟವನ್ನು ಅರ್ಧ ಮಾಡುವೆನು. ಆ ಸಂಕಲ್ಪವು ಮೊದಲ ವಾರ ಉರಿಯುತ್ತದೆ, ಎರಡನೆಯ ವಾರ ಹೊಗೆಯಾಡುತ್ತದೆ, ಮೂರನೆಯ ವಾರ ಬೂದಿಯಾಗುತ್ತದೆ. ಇಂತಹ ಸಾಮಾನ್ಯ ವಿಷಯಕ್ಕೆ ಶರಣರ ಬೋಧೆಯನ್ನು ಏಕೆ ಎಳೆದು ತರಬೇಕೆಂದು ಕೆಲವರು ಕೇಳಬಹುದು. ಆದರೆ ಶರಣರು ತಮ್ಮ ಬೋಧೆಯನ್ನು ಅಡಿಗೆಯ ಮನೆಯಿಂದಾಗಲಿ, ಹೊಲದಿಂದಾಗಲಿ, ಮಗ್ಗದಿಂದಾಗಲಿ ದೂರವಿಟ್ಟವರಲ್ಲ. ಉಣ್ಣುವ ತುತ್ತನ್ನೂ ಸಾಧನೆಯೆಂದೇ ಎಣಿಸಿದ ಧರ್ಮದಲ್ಲಿ ಊಟದ ನಿಯಮವು ಅಲ್ಪ ವಿಷಯವಾಗಲಾರದು.

ಮೊದಲು ನನ್ನ ಸಂಗತಿಯನ್ನೇ ಹೇಳಿಬಿಡುವುದು ನ್ಯಾಯ. ಕೆಲವು ವರ್ಷಗಳ ಹಿಂದೆ, ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ರಕ್ತದಲ್ಲಿ ಸಕ್ಕರೆಯ ಅಂಶವು ಮಿತಿಮೀರಿದೆಯೆಂದು ವೈದ್ಯರು ತಿಳಿಸಿದರು. ದಿನವೂ ಅರ್ಧ ಗಂಟೆ ಚುರುಕಾಗಿ ನಡೆಯಬೇಕು, ಅನ್ನ ರೊಟ್ಟಿಗಳನ್ನು ಅಳೆದು ಉಣ್ಣಬೇಕು, ಸಿಹಿಯನ್ನು ಬಿಡಬೇಕು ಎಂದು ವಿಧಿಸಿದರು. ಹತ್ತೊಂಬತ್ತು ದಿನ ನಾನು ಅದನ್ನು ತಪ್ಪದೆ ಪಾಲಿಸಿದೆನು; ಕಂಡಕಂಡವರಿಗೆಲ್ಲ ಹೇಳಿಕೊಂಡೆನು. ಇಪ್ಪತ್ತನೆಯ ದಿನ ಬಂಧುಗಳ ಮನೆಯ ಮದುವೆ. ಪಂಕ್ತಿಯಲ್ಲಿ ಕುಳಿತು ಎರಡು ಹೋಳಿಗೆಗಳನ್ನು ತುಪ್ಪದೊಡನೆ ತಿಂದೆನು. ಮರುದಿನ ಬೆಳಿಗ್ಗೆ ಎಚ್ಚರವಾದರೂ ಏಳಲಿಲ್ಲ. ಕೆಟ್ಟುಹೋದ ವ್ರತವನ್ನು ಇನ್ನು ನಡೆಸುವುದೇನೆಂದು ಮನಸ್ಸು ಹೇಳಿತು. ಹಾಗೆ ಎಂಟು ತಿಂಗಳು ಕಳೆದವು. ಮತ್ತೆ ರಕ್ತಪರೀಕ್ಷೆಯಾದಾಗ ರೋಗವು ಬೆಳೆದಿತ್ತು. ಮಾತ್ರೆಗಳು ಮನೆಗೆ ಬಂದವು.

ಅಂದಿನ ರಾತ್ರಿ ನನ್ನ ಮನೆಯಾಕೆ ಒಂದು ಪ್ರಶ್ನೆಯನ್ನು ಕೇಳಿದಳು. “ನಾನು ಈ ಮನೆಗೆ ಬಂದಂದಿನಿಂದ ನೀವು ಲಿಂಗಪೂಜೆ ಬಿಟ್ಟದ್ದನ್ನು ಕಂಡಿಲ್ಲ. ಒಮ್ಮೆ ರೈಲು ತಡವಾಗಿ ಮಧ್ಯಾಹ್ನ ಮೂರು ಗಂಟೆಗೆ ಮನೆಗೆ ಬಂದಿರಿ. ಸ್ನಾನ ಮಾಡಿ, ಪೂಜೆ ಮುಗಿಸಿಯೇ ಉಂಡಿರಿ. ಹೊತ್ತು ಮೀರಿತು, ಇನ್ನು ಪೂಜೆಯೇ ಬೇಡ ಎಂದು ಅಂದು ಅನ್ನಲಿಲ್ಲವಲ್ಲ? ನಡಿಗೆಯೊಂದು ದಿನ ತಪ್ಪಿದರೆ ಅದನ್ನು ಪೂರಾ ಬಿಡುವುದು ಯಾವ ನ್ಯಾಯ?” ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವು ಆ ಉತ್ತರವನ್ನು ಹುಡುಕುವ ಪ್ರಯತ್ನ.

ಷಟ್‌ಸ್ಥಲದ ಕ್ರಮವನ್ನು ಸ್ಮರಿಸಿಕೊಳ್ಳೋಣ. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ ಎಂದು ಹಿರಿಯರು ಭಕ್ತಿಯ ಲಕ್ಷಣಗಳನ್ನು ಹೇಳಿದ್ದಾರೆ. ಇವು ಆಧ್ಯಾತ್ಮಿಕ ಸೋಪಾನಗಳೆಂಬುದು ನಿಜ. ಆದರೂ ಮನುಷ್ಯನ ಮನಸ್ಸು ಯಾವುದೇ ಒಳ್ಳೆಯ ಕಾರ್ಯದಲ್ಲಿ ನಡೆಯುವ ದಾರಿಯೂ ಇಲ್ಲಿ ಕಾಣುತ್ತದೆ. ಶ್ರದ್ಧೆಯು ಆರಂಭಿಸುತ್ತದೆ, ನಿಷ್ಠೆಯು ನಿಲ್ಲಿಸುತ್ತದೆ, ಅವಧಾನವು ಪ್ರತಿಕ್ಷಣ ಕಾಯುತ್ತದೆ. ನಮ್ಮ ಸಂಕಲ್ಪಗಳಲ್ಲಿ ಶ್ರದ್ಧೆಗೆ ಕೊರತೆಯಿಲ್ಲ. ಮೊದಲ ದಿನದ ಉತ್ಸಾಹವೇ ನಿಷ್ಠೆಯೆಂದು ಭ್ರಮಿಸುವುದರಿಂದ ಕೇಡು ಬರುತ್ತದೆ. ಉತ್ಸಾಹವು ಮಳೆಯ ನೀರು, ನಿಷ್ಠೆಯು ಬಾವಿಯ ನೀರು. ಮಳೆ ತಾನಾಗಿ ಬರುತ್ತದೆ. ಬಾವಿಯ ನೀರನ್ನು ದಿನವೂ ಸೇದಬೇಕು.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ವ್ರತನಿಷ್ಠೆಗೆ ಹೆಸರಾದ ಶರಣೆ ಅಕ್ಕಮ್ಮನು ವ್ರತ ತಪ್ಪಿದವರ ವಿಷಯದಲ್ಲಿ ಬಹು ಕಠಿನವಾಗಿ ಮಾತನಾಡಿದ್ದಾಳೆ. ಆಚಾರವನ್ನೇ ಪ್ರಾಣವೆಂದು ತನ್ನ ಅಂಕಿತದಲ್ಲಿಯೇ ಇಟ್ಟುಕೊಂಡವಳು ಆಕೆ. ಹಾಗಾದರೆ ತಪ್ಪಿದ ನಿಯಮವನ್ನು ಮತ್ತೆ ಹಿಡಿಯಬಹುದೆಂಬುದು ಮನಸ್ಸಿನ ಜಾರಿಕೆಗೆ ಒಂದು ನೆಪವಾಗುವುದಿಲ್ಲವೇ? ಈ ಶಂಕೆಯನ್ನು ಲಘುವಾಗಿ ತಳ್ಳಿಹಾಕಲಾಗದು. ನನಗೆ ತೋರುವಂತೆ ಇಲ್ಲಿ ಎರಡನ್ನು ಬೇರ್ಪಡಿಸಬೇಕು. ಕಳಬಾರದು, ಕೊಲ್ಲಬಾರದು, ಹುಸಿಯಾಡಬಾರದು ಎಂಬುವು ಆಚಾರ; ಅಲ್ಲಿ ಒಂದು ದಿನದ ರಜೆಯೆಂಬುದಿಲ್ಲ. ಹತ್ತೊಂಬತ್ತು ದಿನ ಸತ್ಯವಾಡಿ ಇಪ್ಪತ್ತನೆಯ ದಿನ ಒಬ್ಬನನ್ನು ವಂಚಿಸಿದವನು ಆ ಒಬ್ಬನಿಗೆ ಹಾನಿ ಮಾಡಿಯೇ ಮಾಡಿದನು. ಪಥ್ಯವಾದರೋ ಉಪಾಯ, ಒಂದು ಗುರಿಯತ್ತ ನಡೆಯುವ ದಾರಿ. ದಾರಿಯಲ್ಲಿ ಎಡವಿದವನು ಎದ್ದು ಮುಂದಕ್ಕೆ ನಡೆಯಬೇಕೇ ಹೊರತು, ಎಡವಿದೆನೆಂದು ಅಲ್ಲಿಯೇ ಗುಡಿಸಲು ಕಟ್ಟಿ ವಾಸಮಾಡತಕ್ಕದ್ದಲ್ಲ. ಆದರೆ ಅಕ್ಕಮ್ಮನ ಕಾಠಿನ್ಯದಿಂದ ನಾವು ಕಲಿಯತಕ್ಕದ್ದೊಂದಿದೆ: ತಪ್ಪನ್ನು ತಪ್ಪೆಂದೇ ಕರೆಯುವುದು. ‘ಇಂದೊಂದು ದಿನ’ ಎಂದು ಮೊದಲೇ ನೆಪ ಹೂಡಿ ತಿನ್ನುವುದು ಬೇರೆ. ತಿಂದ ಮೇಲೆ ಒಪ್ಪಿಕೊಂಡು ಮುಂದಿನ ಊಟದಲ್ಲಿಯೇ ಸರಿಪಡಿಸಿಕೊಳ್ಳುವುದು ಬೇರೆ. ಇವೆರಡರಲ್ಲಿ ಯಾವುದು ನನ್ನದೆಂದು ತಿಳಿಯಲು ಒರೆಗಲ್ಲು ಒಂದೇ: ಮುಂದಿನ ತುತ್ತು.

ಅಭ್ಯಾಸವೆಂಬುದು ಹೇಗೆ ಬೇರೂರುತ್ತದೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಪರೀಕ್ಷಿಸಿ, 2009ರಲ್ಲಿ ತಮ್ಮ ಫಲಿತವನ್ನು ಪ್ರಕಟಿಸಿದರು. 96 ಮಂದಿ ಊಟ, ಪಾನೀಯ, ವ್ಯಾಯಾಮ ಇವುಗಳಲ್ಲಿ ಯಾವುದಾದರೊಂದು ಸಣ್ಣ ನಿಯಮವನ್ನು ಆರಿಸಿಕೊಂಡು, ದಿನದ ಒಂದು ಗೊತ್ತಾದ ಸಂದರ್ಭದೊಡನೆ ಅದನ್ನು ಹೊಂದಿಸಿ, 12 ವಾರ ನಡೆಸಿದರು. ನಿಯಮವು ತಾನಾಗಿಯೇ ನಡೆಯುವಂತಾಗಲು ಬೇಕಾದ ಕಾಲದ ಮಧ್ಯಮ ಪ್ರಮಾಣವು ಸುಮಾರು 66 ದಿನವೆಂದು ಕಂಡುಬಂದಿತು. ಕೆಲವರಿಗೆ 18 ದಿನವೇ ಸಾಕೆಂದೂ, ಕೆಲವರಿಗೆ 254 ದಿನದವರೆಗೂ ಬೇಕಾಗಬಹುದೆಂದೂ ಅವರು ಗಣಿಸಿದರು. ಇದಕ್ಕಿಂತ ಮುಖ್ಯವಾದುದು ಇನ್ನೊಂದು ಮಾತು: ನಡುವೆ ಒಮ್ಮೆ ತಪ್ಪಿದುದರಿಂದ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ. ನಾನು ಹತ್ತೊಂಬತ್ತು ದಿನಕ್ಕೆ ಸೋತೆನೆಂದು ತೀರ್ಮಾನಿಸಿದುದು ಎಂತಹ ಅವಸರವೆಂಬುದು ಇದರಿಂದ ತಿಳಿಯುತ್ತದೆ. ನನ್ನ ನಿಯಮವನ್ನು ಕೆಡಿಸಿದ್ದು ಆ ಎರಡು ಹೋಳಿಗೆಗಳಲ್ಲ, ಮರುದಿನ ಬೆಳಿಗ್ಗೆ ನಾನು ಹೊದ್ದುಕೊಂಡ ನಾಚಿಕೆ.

ಆ ನಾಚಿಕೆಯ ಮೂಲವೇನು? ಶೋಧಿಸಿದರೆ ಅಲ್ಲಿ ಅಹಂಕಾರವೇ ಸಿಕ್ಕುತ್ತದೆ. ಪೂಜೆಯನ್ನು ನಾನು ನನ್ನ ಸಾಹಸವೆಂದು ಎಂದೂ ಎಣಿಸಿರಲಿಲ್ಲ. ಅದು ಗುರುವು ಕರುಣಿಸಿ ಕೊಟ್ಟದ್ದು, ಲಿಂಗಕ್ಕೆ ಸಲ್ಲತಕ್ಕದ್ದು. ಆದುದರಿಂದ ಹೊತ್ತು ಮೀರಿದರೂ ಅದನ್ನು ಸಲ್ಲಿಸಿದೆನು. ನಡಿಗೆಯನ್ನೂ ಪಥ್ಯವನ್ನೂ ಮಾತ್ರ ನನ್ನ ಗೆಲವೆಂದು ಎಣಿಸಿದೆನು. ಗೆಲವು ಕೈತಪ್ಪಿದೊಡನೆ ಆಟವನ್ನೇ ಬಿಟ್ಟೆನು. ಅಲ್ಲಮಪ್ರಭುವೂ ಗೋರಕ್ಷನೂ ಎದುರಾದ ಪ್ರಸಂಗವು ಶೂನ್ಯಸಂಪಾದನೆಯಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಬರುತ್ತದೆ. ಗೋರಕ್ಷನು ತನ್ನ ದೇಹವನ್ನು ವಜ್ರದಂತೆ ಮಾಡಿಕೊಂಡಿದ್ದನು. ಕತ್ತಿಯಿಂದ ಹೊಡೆದರೆ ಅದು ಖಣಿಲೆಂದು ಸದ್ದು ಮಾಡಿತೇ ಹೊರತು ಗಾಯವಾಗಲಿಲ್ಲ. ಪ್ರಭುದೇವರ ಶರೀರದಲ್ಲಿಯಾದರೋ ಅದೇ ಕತ್ತಿಯು ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಆಗ ಗೋರಕ್ಷನಿಗೆ ತನ್ನ ಸಿದ್ಧಿಯ ಮಿತಿ ತಿಳಿಯಿತು. ದೇಹವನ್ನು ಗಟ್ಟಿಮಾಡುವುದು ಪಾಪವೆಂದು ಈ ಪ್ರಸಂಗದ ಅರ್ಥವಲ್ಲ. ದೇಹದ ಗಟ್ಟಿತನವನ್ನೇ ‘ನಾನು’ ಎಂದು ತಿಳಿಯುವುದು ಬಂಧನವೆಂದು ಅರ್ಥ. ವ್ಯಾಯಾಮವು ಕನ್ನಡಿಯ ಮುಂದೆ ನಿಲ್ಲುವುದಕ್ಕಾಗಿಯಾದರೆ ಕನ್ನಡಿಯು ಸೋತಂದೇ ಅದೂ ಸೋಲುತ್ತದೆ. ಕಾಯಕಕ್ಕಾಗಿ, ದಾಸೋಹಕ್ಕಾಗಿ, ಮನೆಯವರಿಗೆ ಭಾರವಾಗದಿರುವುದಕ್ಕಾಗಿ ಆದರೆ ಸೋತ ಮರುದಿನವೂ ಅದಕ್ಕೆ ಕಾರಣವು ಉಳಿದಿರುತ್ತದೆ. ತುಮಕೂರಿನ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ, ಲಿಂಗೈಕ್ಯರಾದರು. ಅವರ ಮಿತಾಹಾರವನ್ನೂ ದಿನಚರಿಯ ಕಟ್ಟುನಿಟ್ಟನ್ನೂ ದೀರ್ಘಾಯುಸ್ಸಿನ ಗುಟ್ಟೆಂದು ಜನರು ಕೊಂಡಾಡುತ್ತಾರೆ. ಆದರೆ ಆ ದಿನಚರಿಯ ಕೇಂದ್ರದಲ್ಲಿ ಇದ್ದದ್ದು ಆಯುಸ್ಸಿನ ಲೆಕ್ಕವಲ್ಲ; ಲಿಂಗಪೂಜೆಯೂ, ಮಠದಲ್ಲಿ ಓದುವ ಸಾವಿರಾರು ಮಕ್ಕಳ ಅನ್ನ ವಿದ್ಯೆಗಳೂ.

ಇನ್ನು ಪಂಕ್ತಿಯ ವಿಷಯ. ಪ್ರಸಾದವನ್ನು ಬಿಡಬಾರದು, ಕೆಡಿಸಬಾರದು ಎಂಬುದು ನಮ್ಮಲ್ಲಿ ರೂಢಮೂಲವಾದ ಭಾವನೆ. ಸಕ್ಕರೆ ಕಾಯಿಲೆಯವನು ಎಲೆಯ ಮುಂದೆ ಕುಳಿತಾಗ ಈ ಭಾವನೆಗೂ ವೈದ್ಯರ ಆಜ್ಞೆಗೂ ತಿಕ್ಕಾಟವಾಗುತ್ತದೆ. ಅವಧಾನವೆಂಬ ಪ್ರಸಾದಿಯ ಲಕ್ಷಣವೇ ಇದಕ್ಕೆ ಪರಿಹಾರ. ಬಡಿಸುವುದಕ್ಕೆ ಮುನ್ನವೇ ಕೈಯೊಡ್ಡಿ ‘ಇಷ್ಟೇ ಸಾಕು’ ಎಂದು ಹೇಳಿ, ಬಂದುದನ್ನು ಒಂದಗುಳೂ ಬಿಡದೆ ಸ್ವೀಕರಿಸುವವನು ಪ್ರಸಾದವನ್ನೂ ಉಳಿಸಿದನು, ಪಥ್ಯವನ್ನೂ ಉಳಿಸಿದನು. ಹುಗ್ಗಿಯ ಒಂದು ಚಮಚದಲ್ಲಿ ಇರುವ ಪ್ರಸಾದವು ಒಂದು ಬಟ್ಟಲಿನಲ್ಲಿ ಇರುವುದಕ್ಕಿಂತ ಕಡಿಮೆಯದಲ್ಲ. ಬಡಿಸುವವರಿಗೂ ಇಲ್ಲಿ ಧರ್ಮವಿದೆ. ಸಾಕೆಂದವನ ಎಲೆಗೆ ಪ್ರೀತಿಯ ಹೆಸರಿನಲ್ಲಿ ಮತ್ತೊಂದು ಹೋಳಿಗೆಯನ್ನು ಎಸೆಯುವುದು ದಾಸೋಹವಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರು ಮಧುಮೇಹಿಗಳು. ನಮ್ಮ ಪ್ರತಿಯೊಂದು ಪಂಕ್ತಿಯಲ್ಲಿಯೂ ಅಂಥವರು ಕುಳಿತಿರುತ್ತಾರೆಂದು ತಿಳಿದೇ ಬಡಿಸತಕ್ಕದ್ದು.

ಮಿತಿಯ ಪಾಠವನ್ನು ಆಯ್ದಕ್ಕಿ ಲಕ್ಕಮ್ಮನು ಎಂದೋ ಕಲಿಸಿದ್ದಾಳೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಹಾಕಿಬರುವಂತೆ ಆಕೆ ಹೇಳಿದಳು. ಲೋಭದ ವಿಷಯದಲ್ಲಿ ಆಡಿದ ಆ ಮಾತು ಉದರಕ್ಕೂ ಒಪ್ಪುತ್ತದೆ. ಇನ್ನೊಂದು ಸೂಕ್ಷ್ಮವೂ ಇಲ್ಲಿದೆ: ಮಿತಿಯನ್ನು ಮನೆಯಲ್ಲಿ ಇಬ್ಬರೂ ಸೇರಿ ಕಾಯ್ದರು. ಗಂಡನ ಪಥ್ಯವೆಂದು ಹೆಂಡತಿಯು ಬೇರೆ ಒಲೆ ಹೂಡಬೇಕಾದರೆ ಆ ಪಥ್ಯವು ಹೆಚ್ಚು ದಿನ ನಿಲ್ಲದು. ಅದು ಆಕೆಯ ಮೇಲೆ ಹೊರಿಸಿದ ದುಡಿಮೆಯೂ ಹೌದು. ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಅಡಿಗೆ: ಪಲ್ಯ, ಬೇಳೆ, ಸೊಪ್ಪು ಮುಂದೆ, ರೊಟ್ಟಿ ಅನ್ನ ಹಿಂದೆ. ತರಕಾರಿ ಹೆಚ್ಚುವ ಕೆಲಸ ನನ್ನದು. ಜೋಳ, ನವಣೆ, ರಾಗಿಗಳು ಒಳ್ಳೆಯವೇ. ಆದರೆ ಅವೂ ಧಾನ್ಯಗಳೇ ಆದುದರಿಂದ ಎಷ್ಟು ತಿಂದರೂ ಬಾಧಕವಿಲ್ಲವೆಂದು ತಿಳಿಯಬಾರದು.

ವ್ಯಾಯಾಮಕ್ಕೂ ಮಿತಿಯುಂಟು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸಿತು. ಅಷ್ಟಾಗದಿದ್ದರೆ ಸ್ವಲ್ಪವಾದರೂ ಮೇಲೆಂದು ಹೇಳಿತು. ನಡೆಯುವಾಗ ಮಾಂಸಖಂಡಗಳು ರಕ್ತದ ಸಕ್ಕರೆಯನ್ನು ಹೀರಿಕೊಂಡು ಉಪಯೋಗಿಸುತ್ತವೆ. ಆದುದರಿಂದ ಹತ್ತು ನಿಮಿಷದ ನಡಿಗೆಯೂ ವ್ಯರ್ಥವಲ್ಲ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ತಮ್ಮಷ್ಟಕ್ಕೆ ಉಪವಾಸವನ್ನು ಹೂಡಬಾರದು. ಸಕ್ಕರೆಯು ಕುಸಿದು ಪ್ರಾಣಕ್ಕೆ ಅಪಾಯವಾದೀತು. ಅವರು ವೈದ್ಯರನ್ನು ಕೇಳಿಯೇ ನಿಯಮವನ್ನು ಹಿಡಿಯತಕ್ಕದ್ದು.

ನಾನು ಎರಡನೆಯ ಸಲ ಆರಂಭಿಸಿದಾಗ ದೊಡ್ಡ ಸಂಕಲ್ಪವನ್ನು ಮಾಡಲಿಲ್ಲ, ಯಾರಿಗೂ ಹೇಳಲಿಲ್ಲ. ಪೂಜೆ ಮುಗಿದೊಡನೆ ಮೆಟ್ಟು ಮೆಟ್ಟಿ ಹೊರಡುವುದೆಂದು ಗೊತ್ತುಮಾಡಿಕೊಂಡೆನು. ಎಂದೂ ತಪ್ಪದ ಪೂಜೆಯ ಸೆರಗನ್ನು ನಡಿಗೆಯು ಹಿಡಿದುಕೊಂಡಿತು. ಆ ಬಳಿಕವೂ ಜ್ವರದಿಂದ, ಮಳೆಯಿಂದ, ಸೋಮಾರಿತನದಿಂದ ಅನೇಕ ದಿನ ತಪ್ಪಿದೆನು. ತಪ್ಪಿದ ದಿನ ತಪ್ಪಿತೆಂದು ಒಪ್ಪಿಕೊಂಡು, ಮರುದಿನ ಹೊರಟೆನು. ಕಾಯಿಲೆ ಹೋಗಲಿಲ್ಲ, ಹಿಡಿತದಲ್ಲಿದೆ. ಎಂಟು ತಿಂಗಳ ಉದಾಸೀನವು ಮಾಡಿದ ಹಾನಿಯನ್ನು ಪೂರಾ ಅಳಿಸಲಾಗಲಿಲ್ಲವೆಂಬುದನ್ನೂ ಮರೆಮಾಚಲಾರೆನು.

ಮನೆಯಾಕೆಯ ಪ್ರಶ್ನೆಗೆ ಈಗ ಇಷ್ಟು ಉತ್ತರವನ್ನು ಹೇಳಬಲ್ಲೆನು. ನಿಷ್ಠೆಯೆಂದರೆ ಎಂದೂ ಬೀಳದಿರುವ ಹೆಮ್ಮೆಯಲ್ಲ, ಬಿದ್ದಲ್ಲಿಂದ ಮತ್ತೆ ದಾರಿಗೆ ಬರುವ ವಿನಯ. ಈ ಕಾಯವು ನಾವು ಗಳಿಸಿದ ಸೊತ್ತಲ್ಲ. ಲಿಂಗವನ್ನು ಧರಿಸಿ, ಕಾಯಕವನ್ನು ಮಾಡಿ, ಹಸಿದವರಿಗೆ ಬಡಿಸಲೆಂದು ನಮ್ಮ ವಶಕ್ಕೆ ಬಂದುದು. ಕಡವಾಗಿ ತಂದ ಪಾತ್ರೆಯನ್ನು ಬೆಳಗಿ ಇಡುವುದು ಹೇಗೆ ಧರ್ಮವೋ ಇದನ್ನು ಜೋಪಾನ ಮಾಡುವುದೂ ಹಾಗೆಯೇ ಧರ್ಮ. ನಿನ್ನೆ ಬೆಳಗಲು ಮರೆತೆವೆಂದು ಇಂದು ಪಾತ್ರೆಯನ್ನು ಒಡೆಯುವವರುಂಟೇ? ಶರಣಬಂಧುಗಳು ಇದನ್ನು ವಿಚಾರಿಸಿ, ನಿಂತುಹೋದ ನಿಯಮವೊಂದಿದ್ದರೆ ಅದನ್ನು ಮುಂದಿನ ಯುಗಾದಿಗೆ ಕಾಯದೆ, ಇಂದಿನ ಊಟದಿಂದಲೇ ಮತ್ತೆ ಕೈಗೊಳ್ಳಲೆಂದು ಪ್ರಾರ್ಥಿಸುತ್ತೇನೆ.